ಚಿತ್ರಕ್ಕೆ ನಡಿಗೆ ಬಂದ ಬಗೆ

ನಾಸಿಕ ಜಿಲ್ಲೆಯ ಯೇವಲಾ ಪೈಠಣಿ ಸೀರೆಗೆ ಹೆಸರಾದ ಊರು. ಅಲ್ಲಿ ಸೆರಗಿನ ಮೇಲೆ ನವಿಲನ್ನು ಮೂಡಿಸುವ ನೇಕಾರನು ಬಣ್ಣಬಣ್ಣದ ನೂಲಿನ ಚಿಕ್ಕ ಕಂಡಿಕೆಗಳನ್ನಿಟ್ಟುಕೊಂಡು, ಒಂದೊಂದು ಹೊಕ್ಕಿಗೂ ಬಣ್ಣದ ಅಂಚನ್ನು ಎಳೆಯಷ್ಟು ಅತ್ತ ಅಥವಾ ಇತ್ತ ಸರಿಸುತ್ತಾನೆ. ಕೊಕ್ಕೆಲ್ಲಿ, ಗರಿಯೆಲ್ಲಿ ಎಂಬುದನ್ನು ಅವನು ಮೊದಲೇ ಬಲ್ಲ. ಆದರೂ ನಡುವಣ ಒಂದೆಳೆಯನ್ನೂ ಬಿಡುವಂತಿಲ್ಲ. ನಿಂತ ಚಿತ್ರವನ್ನು ತೆರೆಯ ಮೇಲೆ ನಡೆಸುವ ವಿದ್ಯೆಯ ಇತಿಹಾಸವೂ ಈ ನಡುವಣ ಕೆಲಸದ ಇತಿಹಾಸವೇ ಆಗಿದೆ.

ಸಿನಿಮಾ ಹುಟ್ಟುವ ಮೊದಲೇ ನಮ್ಮ ನಾಡಿನ ಕಿಳ್ಳೇಕ್ಯಾತರು ಬಿಳಿಯ ಪರದೆ ಕಟ್ಟಿ, ಹಿಂದೆ ದೀಪವಿಟ್ಟು, ತೊಗಲುಗೊಂಬೆಗಳನ್ನು ಕುಣಿಸುತ್ತಿದ್ದರು. ಹನುಮಂತನು ಪರದೆಯ ಒಂದಂಚಿನಿಂದ ಇನ್ನೊಂದಕ್ಕೆ ಹಾರುವಾಗ, ಆ ಹಾರಾಟದ ಪ್ರತಿ ಕ್ಷಣವೂ ಆಟಗಾರನ ಕೈಯಲ್ಲಿರುತ್ತಿತ್ತು. ಇವರ ಮನೆಮಾತು ಮರಾಠಿಗೆ ಹತ್ತಿರವಾದುದು, ಆಟ ಮಾತ್ರ ಕನ್ನಡದ್ದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮಗೆ ಇವರು ಪರಕೀಯರೆ? ಇದೇ ಪರಂಪರೆಯ ಹಿರಿಯ ಕಲಾವಿದೆ, ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದುದು ನಮಗೆಲ್ಲ ಅಭಿಮಾನದ ಸಂಗತಿ.

ಕೈಯ ಈ ಕೆಲಸವನ್ನು ಕ್ಯಾಮೆರಾಕ್ಕೆ ಒಪ್ಪಿಸಿದವರು ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದಲ್ಲಿ 1870ರಲ್ಲಿ ಜನಿಸಿದ ದಾದಾಸಾಹೇಬ ಫಾಳ್ಕೆಯವರು. 1912ರಲ್ಲಿ ಇಂಗ್ಲೆಂಡಿನಿಂದ ಮರಳಿದ ಅವರು ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಬೆಳೆಯುವುದನ್ನು ದಿನಕ್ಕೊಂದು ಚಿತ್ರದಂತೆ ತಿಂಗಳಿಗೂ ಮಿಕ್ಕಿ ತೆಗೆದರು. ತೆರೆಯ ಮೇಲೆ ಮೊಳಕೆಯು ಕ್ಷಣಾರ್ಧದಲ್ಲಿ ಬಳ್ಳಿಯಾದುದನ್ನು ಕಂಡವರಿಂದ ಸಾಲ ದೊರೆಯಿತು. 1913ರಲ್ಲಿ 'ರಾಜಾ ಹರಿಶ್ಚಂದ್ರ' ಹೊರಬಂದಿತು. ಅನಂತರ ನಾಸಿಕದಲ್ಲಿ ನೆಲೆಸಿದ ಫಾಳ್ಕೆಯವರು 1915ರಲ್ಲಿ ಬೆಂಕಿಕಡ್ಡಿಗಳನ್ನೇ ಆಡಿಸಿದ ಕಿರುಚಿತ್ರವೊಂದನ್ನೂ ತಯಾರಿಸಿದರು. ಕಡ್ಡಿಯನ್ನು ಕೊಂಚ ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು: ಇಷ್ಟೇ ಇದರ ಗುಟ್ಟು. ಆದರೆ ಎಂಥ ತಾಳ್ಮೆಯ ಗುಟ್ಟು!

ಮುಂದೆ ಟಾಕಿ ಚಿತ್ರಕ್ಕೆ ಸೆಕೆಂಡಿಗೆ 24 ಚಿತ್ರಗಳೆಂದು ನಿಗದಿಯಾಯಿತು. 1930ರ ದಶಕದ ಅಮೆರಿಕದ ವ್ಯಂಗ್ಯಚಿತ್ರಶಾಲೆಗಳಲ್ಲಿ ಮುಖ್ಯ ಭಂಗಿಗಳನ್ನು ಹಿರಿಯ ಕಲಾವಿದರು ಬರೆದರೆ, ನಡುವಣವುಗಳನ್ನು ಕಿರಿಯರು ಬರೆಯುತ್ತಿದ್ದರು. ಕಿರಿಯರ ಈ ಪಾಲನ್ನು ಗಣಕಯಂತ್ರಕ್ಕೆ ಕಲಿಸಿದವರಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಲಿಯ ನೆಸ್ಟರ್ ಬರ್ಟ್ನಿಕ್ ಮತ್ತು ಮಾರ್ಸೆಲಿ ವೈನ್ ಪ್ರಮುಖರು. ಅವರ ವಿಧಾನದಿಂದ ಪೀಟರ್ ಫೋಲ್ಡೆಸ್ 1974ರಲ್ಲಿ 'ಹಂಗರ್' ಎಂಬ ಚಿತ್ರವನ್ನು ರಚಿಸಿದರು.

ಇಂದು ನಮ್ಮ ಮನೆಯ ಹುಡುಗರು ವಿಡಿಯೋ ಜೋಡಿಸುವಾಗ 'ಕೀಫ್ರೇಮ್' ಎನ್ನುವುದು ಆ ಮುಖ್ಯ ಭಂಗಿಯನ್ನೇ. ಚಿತ್ರವನ್ನು ತೆರೆಯ ಎಡಕ್ಕಿರಿಸಿ ಒಂದು ಗುರುತು; ಎರಡು ಸೆಕೆಂಡುಗಳ ಮುಂದೆ ಸಾಗಿ, 500 ಚುಕ್ಕೆಗಳಷ್ಟು ಬಲಕ್ಕೆ ಸರಿಸಿ ಇನ್ನೊಂದು ಗುರುತು. ಸೆಕೆಂಡಿಗೆ 25 ಚಿತ್ರಗಳಾದರೆ ಇದು 50 ಹೆಜ್ಜೆ. ಹೆಜ್ಜೆಗೆ ಹತ್ತು ಚುಕ್ಕೆಯಂತೆ ನಡುವಣ 49 ಸ್ಥಾನಗಳನ್ನು ಯಂತ್ರವೇ ಲೆಕ್ಕಹಾಕುತ್ತದೆ. ಆದರೆ ಸಮವೇಗದ ಈ ಓಟ ನಿರ್ಜೀವವಾಗಿ ತೋರುತ್ತದೆ. ಬಸ್ಸು ನಿಲ್ದಾಣವನ್ನು ಮೆಲ್ಲನೆ ಬಿಟ್ಟು, ಮೆಲ್ಲನೆ ನಿಲ್ಲುವುದಿಲ್ಲವೆ? ಅಂತೆಯೇ ಮೊದಲಲ್ಲೂ ಕೊನೆಯಲ್ಲೂ ವೇಗವನ್ನು ತಗ್ಗಿಸಿದಾಗಲೇ ಚಿತ್ರಕ್ಕೆ ನಡಿಗೆ ಬರುತ್ತದೆ. ಎಲ್ಲಿ, ಎಷ್ಟು ಎಂಬ ನಿರ್ಣಯ ಮಾತ್ರ ಇಂದಿಗೂ ಮನುಷ್ಯನದೇ.

ರಾಜ್ಯೋತ್ಸವಕ್ಕೆಂದು ನಮ್ಮ ಹುಡುಗರು ಅಜ್ಜನ ಹಳೆಯ ಫೋಟೋವನ್ನು ಹೀಗೆ ನಡೆಸಬಹುದು. ಹುಟ್ಟಿದೂರಿನ ಅಂಗಳದಿಂದ ಈ ಊರಿನ ಬಾಡಿಗೆ ಕೋಣೆಗೆ ಬರಲು ತೆರೆಯ ಮೇಲೆ ಎರಡೇ ಸೆಕೆಂಡು ಸಾಕು. ಆದರೆ ಯಾವ ರೈಲು ಹತ್ತಿದರು, ಮೊದಲ ಸಂಬಳದಲ್ಲಿ ಊರಿಗೆಷ್ಟು ಕಳುಹಿಸಿದರು, ಮರಾಠಿಯನ್ನು ಯಾರಿಂದ ಕಲಿತರು? ಆ ನಡುವಣ ವರ್ಷಗಳನ್ನು ಯಾವ ಯಂತ್ರವೂ ಲೆಕ್ಕಹಾಕಿ ತುಂಬಲಾರದು. ಅಜ್ಜನ ಪಕ್ಕದಲ್ಲಿ ಕುಳಿತು, ಅವರಿರುವಾಗಲೇ, ಕೇಳಿ ತಿಳಿಯಬೇಕು.