ಪಾರ್ಕಿನ್ಸನ್ ಕಾಯಿಲೆ ಮತ್ತು ಅನಿಶ್ಚಿತತೆಯಲ್ಲಿ ನಿರ್ಧಾರ

ಫಲ ಏನಾಗುವುದೋ ತಿಳಿಯದಿದ್ದಾಗ ಆಯ್ಕೆ ಮಾಡುವ ಶಕ್ತಿಯಲ್ಲಿ ಪಾರ್ಕಿನ್ಸನ್ ಕಾಯಿಲೆಯವರಿಗೆ ಉಂಟಾಗುವ ವ್ಯತ್ಯಾಸ. 1817ರಲ್ಲಿ ಈ ಕಾಯಿಲೆಯನ್ನು ವರ್ಣಿಸಿದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್, ಇದರಲ್ಲಿ ಬುದ್ಧಿಗೆ ಧಕ್ಕೆಯಿಲ್ಲವೆಂದು ಬರೆದಿದ್ದ. ನಡುಕ, ಬಿಗಿತ, ನಿಧಾನಗತಿಗಳಷ್ಟೇ ಕಾಯಿಲೆ ಎಂಬ ನಂಬಿಕೆ ಮನೆಗಳಲ್ಲಿ ಇಂದಿಗೂ ಉಳಿದಿದೆ.

ಮಧ್ಯಮೆದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ನಶಿಸುವುದು ಕಾಯಿಲೆಯ ಮೂಲ. ಎಣಿಸಿದ್ದಕ್ಕಿಂತ ಒಳ್ಳೆಯದಾದರೆ ಡೋಪಮಿನ್ ಏರುತ್ತದೆ, ಕೆಟ್ಟದಾದರೆ ಇಳಿಯುತ್ತದೆ. ಮುಂದಿನ ಸಲ ಯಾವುದನ್ನು ಆರಿಸಬೇಕೆಂದು ಮೆದುಳು ಕಲಿಯುವುದು ಈ ಏರಿಳಿತದಿಂದಲೇ. ಮೈಕೆಲ್ ಫ್ರಾಂಕ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ಡೋಪಮಿನ್ ಕೊರತೆ ನೀಗಿಸುವ ಮಾತ್ರೆ ತೆಗೆದುಕೊಳ್ಳದಿದ್ದಾಗ ರೋಗಿಗಳು ಸೋಲಿನಿಂದ ಚೆನ್ನಾಗಿ ಕಲಿಯುತ್ತಾರೆ. ಮಾತ್ರೆಯ ಪ್ರಭಾವದಲ್ಲಿದ್ದಾಗ ಗೆಲುವು ಮನಸ್ಸಿಗೆ ನಾಟುತ್ತದೆ, ಸೋಲು ಅಷ್ಟಾಗಿ ನಾಟುವುದಿಲ್ಲ. ಕೈಕಾಲಿಗೆ ಬಲ ಕೊಡುವ ಔಷಧವೇ ನಷ್ಟದ ಎಚ್ಚರವನ್ನು ಮಂಕಾಗಿಸಬಹುದು.

ಪ್ರಮಿಪೆಕ್ಸೋಲ್, ರೋಪಿನಿರೋಲ್ ಮೊದಲಾದ, ಡೋಪಮಿನ್‌ನಂತೆಯೇ ಕೆಲಸ ಮಾಡುವ ಅಗೋನಿಸ್ಟ್ ಮಾತ್ರೆಗಳಲ್ಲಿ ಈ ಅಪಾಯ ಹೆಚ್ಚು. ಅಮೆರಿಕ, ಕೆನಡಾಗಳ 3,090 ರೋಗಿಗಳ ಅಧ್ಯಯನದಲ್ಲಿ (2010) ಇವನ್ನು ತೆಗೆದುಕೊಳ್ಳುವವರ ಪೈಕಿ ಶೇ. 17.1 ಮಂದಿಗೆ, ಉಳಿದವರಲ್ಲಿ ಶೇ. 6.9 ಮಂದಿಗೆ ಜೂಜು, ವಿಪರೀತ ಖರೀದಿ, ಮಿತಿಮೀರಿದ ತಿನ್ನುವಿಕೆ ಅಥವಾ ಕಾಮಾಸಕ್ತಿಯ ಮೇಲಿನ ಹಿಡಿತ ತಪ್ಪಿತ್ತು. ಇದಕ್ಕೆ ವಿರುದ್ಧವಾಗಿ ಯಾವುದನ್ನೂ ನಿರ್ಧರಿಸಲಾಗದೆ ನಿರಾಸಕ್ತರಾಗಿ ಕುಳಿತುಬಿಡುವವರೂ ಇದ್ದಾರೆ.

ನವಿ ಮುಂಬಯಿಯ ಕೋಪರಖೈರಣೆಯಂಥ ಬಡಾವಣೆಗಳ ಕನ್ನಡ ಮನೆಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿತು. ಮಹಾರಾಷ್ಟ್ರ ಸರಕಾರ 1969ರಲ್ಲಿ ಸ್ವಂತ ಲಾಟರಿಯನ್ನೇ ಆರಂಭಿಸಿತು. ಊರಲ್ಲಿ ಸಿಗದ ಟಿಕೆಟ್ ಇಲ್ಲಿ ಕೈಗೆಟಕುತ್ತದೆ, ಶೇರು ವ್ಯವಹಾರವಂತೂ ಮೊಬೈಲಿನಲ್ಲೇ ಇದೆ. ಜೀವನವಿಡೀ ಲೆಕ್ಕವಿಟ್ಟು ಖರ್ಚು ಮಾಡಿದ ಅಪ್ಪ ನಿವೃತ್ತಿಯ ಹಣ ಕಳೆಯತೊಡಗಿದರೆ 'ಈ ವಯಸ್ಸಿಗೆ ಇದೆಂಥ ಬುದ್ಧಿ' ಎಂದು ಗದರುವುದು ಅನ್ಯಾಯ. ನಾಚಿಕೆಯಿಂದ ರೋಗಿ ವೈದ್ಯರ ಮುಂದೆ ಬಾಯಿಬಿಡುವುದಿಲ್ಲ. ಜೊತೆಗೆ ಹೋದವರೇ ಹೇಳಬೇಕಾಗುತ್ತದೆ.

ಪ್ರಮಾಣ ತಗ್ಗಿಸಿದರೆ ಅಥವಾ ಮಾತ್ರೆ ಬದಲಿಸಿದರೆ ಬಹಳಷ್ಟು ಜನರಲ್ಲಿ ಈ ವರ್ತನೆ ಇಳಿಯುತ್ತದೆ. ಆದರೆ ಅದನ್ನು ನರರೋಗ ತಜ್ಞರೇ ಮಾಡಬೇಕು. ಅಗೋನಿಸ್ಟ್ ಹಠಾತ್ತನೆ ನಿಲ್ಲಿಸಿದರೆ ತೀವ್ರ ಆತಂಕ, ಖಿನ್ನತೆ ಕಾಡಬಹುದು. ಮೆದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆಯನ್ನು ಹಾಗೆ ನಿಲ್ಲಿಸಿದರೆ ಜ್ವರ, ಮೈಬಿಗಿತ ಏರಿ ಜೀವಕ್ಕೇ ಅಪಾಯವಾಗಬಹುದು. 2001ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಬೆಂಬಲ ಗುಂಪುಗಳನ್ನು ನಡೆಸುತ್ತದೆ.