ಮೈನೆರೆಯುವ ವಯಸ್ಸು ಮತ್ತು ಶಾಲೆಯ ಪಾಠ

ಹಳೆ ಮೈಸೂರಿನ ಊರುಗಳಲ್ಲಿ ಹುಡುಗಿ ಮೈನೆರೆದಳೆಂದರೆ ಸೋದರಮಾವ ಹಸಿರು ಸೊಪ್ಪು, ತೆಂಗಿನ ಗರಿ ತಂದು ಗುಡ್ಲು ಹಾಕುತ್ತಿದ್ದ. ಮುತ್ತೈದೆಯರು ಆರತಿ ಎತ್ತಿ ಸೋಬಾನೆ ಹಾಡುತ್ತಿದ್ದರು. ಕೊಬ್ಬರಿ, ಬೆಲ್ಲ, ಚಿಗಳಿ, ತುಪ್ಪ ತಿನ್ನಿಸುತ್ತಿದ್ದರು. ಬೆಳೆಯುವ ಮೈಗೆ ಅದು ಒಳ್ಳೆಯ ಆರೈಕೆಯೇ. ಆದರೆ ತನ್ನ ಮೈಯಲ್ಲಿ ಏನಾಗುತ್ತಿದೆ, ಯಾಕಾಗುತ್ತಿದೆ ಎಂದು ಯಾರೂ ಅವಳಿಗೆ ಬಿಡಿಸಿ ಹೇಳುತ್ತಿರಲಿಲ್ಲ. ಒಸಗೆ ಊರಿಗೆ ಸಾರುತ್ತಿದ್ದುದು ಹುಡುಗಿ ಮದುವೆಗೆ ಬಂದಿದ್ದಾಳೆಂಬ ಸುದ್ದಿಯನ್ನು. ಶಾಲೆಗೆ ಹೋಗುತ್ತಿದ್ದವಳ ಓದು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತಿತ್ತು.

ಶಾಲೆಗಳು ಬಹುಕಾಲ ಈ ಮಾತೆತ್ತದಿರಲು ಅದೂ ಒಂದು ಕಾರಣ. 1881ರಲ್ಲಿ ಮೈಸೂರಿನ ಮಹಾರಾಣಿ ಬಾಲಿಕಾ ಶಾಲೆ ಆರಂಭವಾದಾಗ ಬಾಲ್ಯವಿವಾಹವೇ ವಾಡಿಕೆ. 1894ರ ಮೈಸೂರು ಕಾಯ್ದೆ ಹುಡುಗಿಯರ ಮದುವೆಗೆ ಹಾಕಿದ ಮಿತಿ ಕೇವಲ 8 ವರ್ಷ. ಮೈನೆರೆದ ಮೇಲೂ ಹುಡುಗಿಯರು ತರಗತಿಯಲ್ಲಿ ಉಳಿಯತೊಡಗಿದಾಗಲೇ ಪಾಠದ ಅಗತ್ಯ ಎದ್ದುಕಂಡಿತು. ಶಾಲೆ ಹೇಳದ್ದನ್ನು ಮೊದಲು ಹೇಳಿದ್ದು ಪುಸ್ತಕಗಳು. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ 'ಕೇಳು ಕಿಶೋರಿ'ಯಲ್ಲಿ ಹದಿಹರೆಯದ ಹುಡುಗಿಯರೊಂದಿಗೆ ನೇರವಾಗಿ, ಸರಳ ಕನ್ನಡದಲ್ಲಿ ಮಾತಾಡಿದರು. ಆ ಕೆಲಸದ ಬೆಲೆ ದೊಡ್ಡದು.

ಶಾಲೆಯೊಳಕ್ಕೆ ವಿಷಯ ಬಂದದ್ದು ಬೇರೆ ಕಾರಣಗಳ ಬೆನ್ನೇರಿ. 1980ರಲ್ಲಿ ರಾಷ್ಟ್ರೀಯ ಜನಸಂಖ್ಯಾ ಶಿಕ್ಷಣ ಯೋಜನೆ ಶುರುವಾಯಿತು. ಅದರ ಚಿಂತೆ ದೇಶದ ಜನಸಂಖ್ಯೆ. 2005ರಲ್ಲಿ ಕೇಂದ್ರ ಶಿಕ್ಷಣ ಇಲಾಖೆಯೂ ಏಡ್ಸ್ ನಿಯಂತ್ರಣ ಸಂಸ್ಥೆಯೂ ಸೇರಿ ಹದಿಹರೆಯ ಶಿಕ್ಷಣ ಕಾರ್ಯಕ್ರಮ ತಂದವು. ಅದರ ಒತ್ತು ಸೋಂಕಿನ ತಡೆಯ ಮೇಲೆ. ಕನ್ನಡಿಯಲ್ಲಿ ತನ್ನನ್ನೇ ಗುರುತಿಸಲಾಗದೆ ಗಲಿಬಿಲಿಗೊಂಡ ಮಗು ಎರಡರಲ್ಲೂ ಎರಡನೆಯ ಮಾತಾಯಿತು. 2007ರಲ್ಲಿ ಶಿಕ್ಷಕರ ಕೈಪಿಡಿಯ ಚಿತ್ರಗಳ ಬಗ್ಗೆ ಹಲವು ರಾಜ್ಯಗಳಲ್ಲಿ ಗದ್ದಲವೆದ್ದು, ಕರ್ನಾಟಕವೂ ಕಾರ್ಯಕ್ರಮವನ್ನು ತಡೆಹಿಡಿಯಿತು. ಚಿತ್ರಗಳನ್ನು ತಿದ್ದಬಹುದಿತ್ತು, ಪಾಠವನ್ನೇ ಕೈಬಿಟ್ಟದ್ದು ಮಕ್ಕಳಿಗಾದ ನಷ್ಟ. ವಿಜ್ಞಾನದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವೇನೋ ಇತ್ತು. "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಹಾಳೆ ಮಗುಚುವುದು ಎಷ್ಟೋ ತರಗತಿಗಳ ರೂಢಿ.

ನಂತರದ ಯೋಜನೆಗಳು ಆರೋಗ್ಯ ಇಲಾಖೆಯ ಕಡೆಯಿಂದ ಬಂದವು. 2013ರ ಸುಮಾರಿಗೆ 'ಶುಚಿ' ಯೋಜನೆಯಡಿ ಹುಡುಗಿಯರಿಗೆ ಉಚಿತ ಪ್ಯಾಡ್ ಸಿಗತೊಡಗಿತು. 2014ರಲ್ಲಿ 10ರಿಂದ 19 ವರ್ಷದವರಿಗಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರ ಆಪ್ತಸಮಾಲೋಚನೆಗೆ 'ಸ್ನೇಹ' ಕ್ಲಿನಿಕ್‌ಗಳಿವೆ.

ಈ ಇತಿಹಾಸದಲ್ಲಿ ಹುಡುಗರಿಗೆ ಸಿಕ್ಕ ಜಾಗ ತೀರಾ ಕಡಿಮೆ. ದನಿ ಒಡೆದಾಗ, ನಿದ್ದೆಯಲ್ಲಿ ವೀರ್ಯ ಸ್ಖಲನವಾದಾಗ ಅವರಿಗೆ ಆರತಿಯೂ ಇರಲಿಲ್ಲ, ಪಾಠವೂ ಇರಲಿಲ್ಲ. ಸಹಜವಾದದ್ದನ್ನು ರೋಗವೆಂದು ಹೆದರಿಸುವ, ಬಸ್‌ನಿಲ್ದಾಣದ ಗೋಡೆಯ 'ಗುಪ್ತರೋಗ' ಜಾಹೀರಾತು ಮಾತ್ರ ಕಣ್ಣಿಗೆ ಬೀಳುತ್ತಿತ್ತು. 2020ರಲ್ಲಿ ಆಯುಷ್ಮಾನ್ ಭಾರತ್ ಅಡಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮ, ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡಬೇಕು, ಸಾಧ್ಯವಾದಷ್ಟೂ ಅವರಲ್ಲೊಬ್ಬರು ಪುರುಷರೂ ಒಬ್ಬರು ಮಹಿಳೆಯೂ ಇರಬೇಕು ಎಂದಿತು.