ಉಪ್ಪಿನ ಹರಳು ಮತ್ತು ಕಾರ್ಕ್ ಬಂದರು

ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟ್ ಕೆಲಸಕ್ಕೆಂದು ಬಾಸ್ಟನ್‌ನಲ್ಲಿದ್ದೆ. ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ ದಿನ. ಆಫೀಸಿನ ಕ್ಯಾಂಟೀನಿನ ತುಂಬ ಹಸಿರು ತೋರಣ, ತಟ್ಟೆಗಳಲ್ಲಿ ಕಾರ್ನ್ಡ್ ಬೀಫ್ ಮತ್ತು ಎಲೆಕೋಸು. ನಾನು ಸಸ್ಯಾಹಾರಿ. ಎಲೆಕೋಸಾದರೂ ಸಿಕ್ಕೀತು ಅಂದುಕೊಂಡರೆ ಅದೂ ಅದೇ ನೀರಿನಲ್ಲಿ ಬೆಂದಿತ್ತು! ಪಕ್ಕದಲ್ಲಿ ಐರ್ಲೆಂಡಿನ ಗಾಲ್ವೇ ಕಡೆಯ ಸಹೋದ್ಯೋಗಿ. "ನಿಮ್ಮ ಹಬ್ಬದೂಟ ಬಂತಲ್ಲ" ಅಂದೆ. "ನಮ್ಮಮ್ಮ ಇದನ್ನು ಹಬ್ಬಕ್ಕೆ ಮಾಡಿದ್ದೇ ಇಲ್ಲ. ನಮ್ಮಲ್ಲಿ ಎಲೆಕೋಸಿನ ಜೊತೆ ಉಪ್ಪು ಹಾಕಿದ ಹಂದಿಮಾಂಸ" ಎಂದು ನಕ್ಕ.

ಅಂದಿನಿಂದ ಇದರ ಬೆನ್ನು ಹತ್ತಿದೆ.

ಹೆಸರಿನಲ್ಲಿರುವ 'ಕಾರ್ನ್' ಮೆಕ್ಕೆಜೋಳವಲ್ಲ. ಹಳೆಯ ಇಂಗ್ಲಿಷಿನಲ್ಲಿ ಕಾಳಿಗೆಲ್ಲ ಆ ಮಾತು ಸಲ್ಲುತ್ತಿತ್ತು. ಇಲ್ಲಿ ಅದು ಕಾಳಿನಷ್ಟು ದಪ್ಪದ ಉಪ್ಪಿನ ಹರಳು. ಐರ್ಲೆಂಡಿನ ದನಗಳು ಬಂದರೆ ತಮ್ಮ ದನದ ಬೆಲೆ ಬೀಳುತ್ತದೆಂದು ಇಂಗ್ಲೆಂಡಿನ ಜಮೀನುದಾರರು ಗಲಾಟೆ ಮಾಡಿದರು. 1663ರಲ್ಲಿ ಒಂದು ಕಾಯ್ದೆ ಬಂತು. 1667ರಲ್ಲಿ ಜೀವಂತ ದನಗಳ ಆಮದೇ ನಿಂತಿತು. ದನ ಸಾಗಿಸುವಂತಿಲ್ಲ ಎಂದಮೇಲೆ ಕಡಿದು, ಉಪ್ಪು ಹಾಕಿ, ಪೀಪಾಯಿಗೆ ತುಂಬಿ ದೂರದೇಶಕ್ಕೆ ಕಳಿಸುವ ದಂಧೆ ಬೆಳೆಯಿತು. ಅದರ ರಾಜಧಾನಿ ದಕ್ಷಿಣದ ಕಾರ್ಕ್ ಬಂದರು. ಹದಿನೆಂಟನೇ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆ ತಿಂದದ್ದು ಈ ಮಾಂಸವನ್ನು, ಅದರ ಶತ್ರು ಫ್ರೆಂಚರೂ ಕೊಂಡದ್ದು ಇದನ್ನೇ. ಕಳಪೆ ದರ್ಜೆಯ ಪೀಪಾಯಿಗಳು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಗೆ, ಅಲ್ಲಿನ ಗುಲಾಮರ ಪಾಲಿಗೆ ಹೋಗುತ್ತಿದ್ದವು.

ದನ ಸಾಕಿದವನ ತಟ್ಟೆಗೆ? ಆಲೂಗಡ್ಡೆ, ಮಜ್ಜಿಗೆ. ಒಳ್ಳೆಯ ನೆಲವೆಲ್ಲ ಮೇವಿಗೆ ಹೋದಮೇಲೆ ಬಡವನಿಗೆ ಉಳಿದ ತುಂಡು ಜಾಗದಲ್ಲಿ ಹೊಟ್ಟೆ ತುಂಬುವಷ್ಟು ಬೆಳೆ ಅದೊಂದೇ. ಹಂದಿ ಸಾಕಿದರೆ ಅದು ಗೇಣಿ ಕಟ್ಟುವುದಕ್ಕೆ. 1845ರಲ್ಲಿ ಆಲೂಗಡ್ಡೆಗೆ ರೋಗ ಬಡಿದಾಗ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಆ ವರ್ಷಗಳಲ್ಲೂ ಐರ್ಲೆಂಡಿನ ಬಂದರುಗಳಿಂದ ದನ, ಬೆಣ್ಣೆ, ಧಾನ್ಯ ಹೊರಗೆ ಹೋಗುತ್ತಲೇ ಇದ್ದವು. ಇದನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಹಾಗೆ ಹೋದವರಿಗೆ ನ್ಯೂಯಾರ್ಕಿನಲ್ಲಿ ಕೂಲಿ ಸಿಕ್ಕಿತು, ಊರಲ್ಲಿ ಕೈಗೆಟುಕದ ದನದ ಮಾಂಸವೂ ಸಿಕ್ಕಿತು. ಅದರಲ್ಲೂ ಎದೆಭಾಗದ ಗಡಸು ಮಾಂಸ ಅಗ್ಗ. ಉಪ್ಪಲ್ಲಿಟ್ಟು ಗಂಟೆಗಟ್ಟಲೆ ಬೇಯಿಸಿದರೆ ಮೆತ್ತಗಾಗುತ್ತದೆ. ಜೊತೆಗೆ ಇನ್ನೂ ಅಗ್ಗದ ಎಲೆಕೋಸು. ನೆರೆಯ ಯಹೂದಿ ಕಸಾಯಿಗಳಿಂದಲೇ ಐರಿಷರು ಇದನ್ನು ಕಲಿತರೆಂದು ಎಲ್ಲೆಡೆ ಹೇಳುತ್ತಾರೆ. ಪ್ರಾಜೆಕ್ಟ್ ಮ್ಯಾನೇಜರ್ ಆದ ನನಗೆ ಇಲ್ಲಿ ತಾರೀಖು ಕೂಡಿಬರುವುದಿಲ್ಲ. ಪೂರ್ವ ಯುರೋಪಿನ ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1880ರ ನಂತರ, ಬರಗಾಲದ ಐರಿಷರು ಬಂದು ಒಂದು ತಲೆಮಾರು ದಾಟಿದ ಮೇಲೆ. ಅವರ ಅಂಗಡಿಗಳಿಂದ ಕೊಂಡದ್ದು ನಿಜವಿರಬೇಕು, ಕಲಿತದ್ದು ಅನ್ನುವುದು ಅನುಮಾನ.

ಪುಣೆಯಲ್ಲಿ ನಮ್ಮ ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆಬಾತ್ ಖಾಯಂ. ರಾಯಚೂರು ಕಡೆಯ ನಮ್ಮಜ್ಜಿ ಬದುಕಿಡೀ ಜೋಳದ ರೊಟ್ಟಿ ಬಡಿದವಳು, ಬಿಸಿಬೇಳೆಬಾತ್ ಕಂಡವಳೇ ಅಲ್ಲ. ಇಲ್ಲೇ ಹುಟ್ಟಿದ ನನ್ನ ಮಗಳು ಮಾತ್ರ ಗೆಳತಿಯರಿಗೆ "ಇದು ನಮ್ಮೂರ ಊಟ" ಎಂದು ಬಡಿಸುತ್ತಾಳೆ. ನಾನು ತಿದ್ದಲು ಹೋಗಿಲ್ಲ.

ಅಂದಹಾಗೆ, ಗಾಲ್ವೇಯ ಆ ಗೆಳೆಯ ಅವತ್ತು ನಕ್ಕನೇನೋ ಸರಿ, ಎರಡನೇ ಸಲವೂ ಬಡಿಸಿಕೊಂಡು ಬಂದ.